ಎಲೈಸಾ ಪ್ಲೇಟ್ ಕೈಕೊಟ್ಟಾಗ ಮೊದ್ಲು ಎಲ್ಲಿ ನೋಡ್ಬೇಕು: ಇಮ್ಯುನಾಲಜಿ ಬೆಂಚಿನ ದೋಷ ಹುಡುಕೋ ಕೈಪಿಡಿ

ಇಮ್ಯುನಾಲಜಿ ಪ್ರಾಕ್ಟಿಕಲ್‌ನಲ್ಲಿ ರಿಸಲ್ಟ್ ಎಡವಟ್ಟಾದ ತಕ್ಷಣ ನಮ್ ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಮಕ್ಳ ಬಾಯಲ್ಲಿ ಬರೋ ಮೊದಲ ಮಾತು "ಕಿಟ್ಟೇ ಸರಿಯಿಲ್ಲ ಮೇಡಂ". ಹಾಸನದಲ್ಲಿ ಪಾಠ ಮಾಡೋಕೆ ಶುರು ಮಾಡಿದಾಗಿಂದ ಕೇಳ್ತಾನೇ ಇದೀನಿ. ಕಿಟ್ ನಿಜವಾಗ್ಲೂ ಕೆಟ್ಟಿರೋದು ಅಪರೂಪ ಕಣ್ರಪ್ಪ. ನೀರು, ತೊಳೆಯೋದು, ಟೆಂಪರೇಚರ್, ಟೈಮು, ಇವುಗಳಲ್ಲೇ ಯಾವುದೋ ಒಂದು ಕೈಕೊಟ್ಟಿರುತ್ತೆ, ಯಾವುದು ಅಂತ ಕಂಟ್ರೋಲ್ ವೆಲ್‌ಗಳು (ಉತ್ತರ ಮೊದ್ಲೇ ಗೊತ್ತಿರೋ ಸ್ಯಾಂಪಲ್ ಹಾಕಿದ ಗುಳಿಗಳು) ಆಗ್ಲೇ ಹೇಳಿರ್ತವೆ, ನಾವು ಮಾತ್ರ ಪೇಷೆಂಟ್ ವೆಲ್ ನೋಡ್ತಾ ಕೂತಿರ್ತೀವಿ. ಹಾಗಾಗಿ ಇಲ್ಲಿ ಬರೆದಿರೋದೆಲ್ಲ ಒಂದೇ ಕ್ರಮ: ಮೊದ್ಲು ಕಂಟ್ರೋಲ್, ಆಮೇಲೆ ಯಾವ ಪದರ ಕೆಟ್ಟಿದೆ ಅನ್ನೋ ಪ್ರಶ್ನೆ, ಕೊನೇಗೆ ಪೇಷೆಂಟ್.

ಎಲೈಸಾ ಅಂದ್ರೆ ಆಂಟಿಬಾಡಿ ಥರದ್ದನ್ನ ಎನ್ಝೈಮ್ ಕೊಡೋ ಬಣ್ಣದಿಂದ ಅಳೆಯೋ ಟೆಸ್ಟು. ಉದಾಹರಣೆಗೆ ಆಂಟಿ ಡಿಎಸ್‌ಡಿಎನ್‌ಎ (ಎರಡೆಳೆ ಡಿಎನ್‌ಎ ವಿರುದ್ಧದ ಆಂಟಿಬಾಡಿ) ಎಲೈಸಾ ಇಟ್ಕೊಳ್ಳೋಣ, ಲೂಪಸ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗಿಬೀಳೋ ಕಾಯಿಲೆ) ಅನುಮಾನ ಬಂದಾಗ ಮಾಡೋದು. ವೆಲ್ ತಳದಲ್ಲಿ ಡಿಎನ್‌ಎ ಅಂಟಿಸಿರ್ತಾರೆ, ಅದರ ಮೇಲೆ ಪೇಷೆಂಟ್ ಸೀರಮ್ ಡೈಲ್ಯೂಟ್ ಮಾಡಿ ಹಾಕ್ತೀವಿ, ತೊಳೀತೀವಿ, ಮನುಷ್ಯರ ಐಜಿಜಿಗೆ (ಆಂಟಿಬಾಡಿಯ ಒಂದು ಬಗೆ) ಅಂಟ್ಕೊಳ್ಳೋ ಕಾಂಜುಗೇಟ್ ಹಾಕ್ತೀವಿ (ಅದಕ್ಕೆ ಎಚ್‌ಆರ್‌ಪಿ ಎನ್ಝೈಮ್ ಕಟ್ಟಿರ್ತಾರೆ), ಮತ್ತೆ ತೊಳೀತೀವಿ, ಟಿಎಂಬಿ (ಆ ಎನ್ಝೈಮ್ ತಾಗಿದ್ರೆ ಬಣ್ಣ ಬರೋ ಸಬ್‌ಸ್ಟ್ರೇಟ್) ಹಾಕಿದ್ರೆ ನೀಲಿ ಬರುತ್ತೆ, ಆಸಿಡ್ ಹಾಕಿ ನಿಲ್ಲಿಸಿದ್ರೆ ಹಳದಿ, 450 ನ್ಯಾನೋಮೀಟರಲ್ಲಿ ಓದ್ತೀವಿ. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಇದನ್ನ ಪ್ರಕಟಿಸಿದಾಗ ಎನ್ಝೈಮೂ ಬೇರೆ, ಪಾತ್ರೆನೂ ಬೇರೆ, ಆದ್ರೆ ಪದರದ ಲೆಕ್ಕ ಇವತ್ತಿಗೂ ಅದೇ. ಪದರ ನೆನಪಿದ್ರೆ ದೋಷ ಹುಡುಕೋದು ಸಲೀಸು, ಇಲ್ದಿದ್ರೆ ಬರೀ ಪ್ರೊಸೀಜರ್ ಬಾಯಿಪಾಠ.

ಕಲರೇ ಬರ್ಲಿಲ್ಲ

ಪಾಸಿಟಿವ್ ಕಂಟ್ರೋಲ್ ಸೇರಿ ಪೂರ್ತಿ ಪ್ಲೇಟ್ ನೀರಿನ ಥರ ಇದೆ. ಗಾಬರಿ ಬೇಡ, ಪ್ಲೇಟ್ ಎಸೀಬೇಡಿ. ಬಾಟಲಿನ ತಳದಲ್ಲಿ ಉಳಿದಿರೋ ಕಾಂಜುಗೇಟ್ ಒಂದು ಹನಿ ತಗೊಂಡು ಖಾಲಿ ಟ್ಯೂಬಲ್ಲಿ ಒಂಚೂರು ಟಿಎಂಬಿ ಜೊತೆ ಸೇರ್ಸಿ. ನೋಡ್ತಾ ನೋಡ್ತಾ ಗಾಢ ನೀಲಿ ಆಗ್ಬೇಕು. ಆಯ್ತು ಅಂದ್ರೆ ಎನ್ಝೈಮೂ ಜೀವಂತ, ಸಬ್‌ಸ್ಟ್ರೇಟೂ ಜೀವಂತ, ತಪ್ಪು ಅದಕ್ಕಿಂತ ಮುಂಚಿನ ಪದರದಲ್ಲಿ: ಯಾರೋ ಕಾಂಜುಗೇಟ್ ಹಾಕೋ ಸ್ಟೆಪ್ಪೇ ಬಿಟ್ಟಿದಾರೆ, ಇಲ್ಲ ಬೇರೆ ಕಿಟ್ಟಿನ ಕಾಂಜುಗೇಟ್ ಹಾಕಿದಾರೆ (ಐಜಿಜಿ ಬದ್ಲು ಐಜಿಎಂ ಬಾಟಲಿ, ಮುಚ್ಚಳದ ಬಣ್ಣ ಒಂದೇ ಇದ್ರೆ ಆಗೋದೇ ಇದು). ನೀಲಿ ಆಗ್ಲಿಲ್ಲ ಅಂದ್ರೆ ಎರಡರಲ್ಲಿ ಒಂದು ಸತ್ತಿದೆ. ಯಾವುದು ಅಂತ ತಿಳ್ಕೊಳ್ಳೋಕೆ ಚೆನ್ನಾಗಿ ಓಡ್ತಿರೋ ಇನ್ನೊಂದು ಕಿಟ್ಟಿನ ಎಚ್‌ಆರ್‌ಪಿ ಕಾಂಜುಗೇಟ್ ಒಂದು ಹನಿ ಇದೇ ಟಿಎಂಬಿಗೆ ಹಾಕಿ ನೋಡಿ.

ಎಚ್‌ಆರ್‌ಪಿ ಸಾಯೋಕೆ ದೊಡ್ಡ ಕಾರಣ ಸೋಡಿಯಂ ಅಝೈಡ್. ಬೂಸ್ಟು ಹಿಡೀಬಾರ್ದು ಅಂತ ಬಫರಿಗೆ ಅಝೈಡ್ ಹಾಕೋ ಹಳೇ ಅಭ್ಯಾಸ ಕೆಲವು ಲ್ಯಾಬಲ್ಲಿ ಇನ್ನೂ ಇದೆ, ಆ ಪಿಬಿಎಸ್ (ಉಪ್ಪಿನ ಬಫರ್) ಬಾಟಲಿಂದ್ಲೇ ವಾಷ್ ಬಫರ್ ಮಾಡಿದ್ರೆ ಮುಗೀತು ಕಥೆ (ಆಗ ಬಾಟಲಿನ ಕಾಂಜುಗೇಟ್ ಟ್ಯೂಬಲ್ಲಿ ನೀಲಿ ಆದ್ರೂ ಪ್ಲೇಟಲ್ಲಿ ಬಣ್ಣ ಬರಲ್ಲ). ಇನ್ನೊಂದು ಕರೆಂಟು. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತು ಅಂದ್ರೆ ಕರೆಂಟ್ ಯಾವಾಗ ಬರುತ್ತೋ ದೇವರಿಗೇ ಗೊತ್ತು, ಅಲ್ಲಿನ ಲ್ಯಾಬಲ್ಲಿ ಫ್ರಿಜ್ಜು ಯುಪಿಎಸ್ ಮೇಲಿಲ್ಲ ಅಂದ್ರೆ ಕಾಂಜುಗೇಟ್ ಬಿಸಿಯಾಗಿ ತಣ್ಣಗಾಗಿ ಬಿಸಿಯಾಗಿ ಕೊನೆಗೆ ಕೈ ಎತ್ತಿಬಿಡುತ್ತೆ. ಫ್ರಿಜ್ ಒಳಗೆ ಗರಿಷ್ಠ-ಕನಿಷ್ಠ ತೋರ್ಸೋ ಥರ್ಮಾಮೀಟರ್ ಒಂದು ಇಡಿ, ಬೆಳಿಗ್ಗೆ ಬಂದಾಗ "ಈಗ 5 ಡಿಗ್ರಿ ಇದೆಯಲ್ಲ" ಅನ್ನೋದು ಉತ್ತರ ಅಲ್ಲ, ರಾತ್ರಿ ಎಷ್ಟಕ್ಕೆ ಹೋಗಿತ್ತು ಅನ್ನೋದು ಬೇಕು.

ಕಣ್ಣಿಗೆ ಹಳದಿ ಚೆನ್ನಾಗಿ ಕಾಣ್ತಿದೆ ಆದ್ರೆ ರೀಡರಲ್ಲಿ ಓಡಿ (ಬಣ್ಣದ ಗಾಢತೆಯ ಅಳತೆ) ಕಮ್ಮಿ ಅಂದ್ರೆ ಕೆಮಿಸ್ಟ್ರಿ ಬಿಟ್ಬಿಡಿ, ಫಿಲ್ಟರ್ ನೋಡಿ. ಹಿಂದಿನವರು ಆಲ್ಕಲೈನ್ ಫಾಸ್ಫಟೇಸ್ ಕಿಟ್ ಓದಿ 405ರಲ್ಲೇ ಬಿಟ್ಟು ಹೋಗಿರ್ತಾರೆ.

ಎಲ್ಲಾ ವೆಲ್ಲೂ ನೀಲಿ

ಇದೇ ಜಾಸ್ತಿ ಆಗೋದು. ಇಲ್ಲಿ ಕೇಳ್ಬೇಕಾದ ಒಂದೇ ಪ್ರಶ್ನೆ: ಬ್ಲ್ಯಾಂಕ್ ಹೆಂಗಿದೆ? ಬರೀ ಟಿಎಂಬಿ ಹಾಕಿರೋ ಬ್ಲ್ಯಾಂಕೇ ನೀಲಿ ಆಗಿದ್ರೆ ಸೀರಮ್, ಕಾಂಜುಗೇಟ್ ಯಾವುದೂ ಕಾರಣ ಅಲ್ಲ, ಟಿಎಂಬಿಗೇ ಏನೋ ಬಿದ್ದಿದೆ. ಕಾಂಜುಗೇಟ್ ಎಳೆದ ಟಿಪ್ಪನ್ನೇ ಟಿಎಂಬಿಗೆ ಅದ್ದಿದ್ರೂ ಸಾಕು, ಅಷ್ಟು ಸೂಕ್ಷ್ಮ. ಹೈಪೋಕ್ಲೋರೈಟ್ ಕೂಡ ಟಿಎಂಬಿಯನ್ನ ನೀಲಿ ಮಾಡುತ್ತೆ, ನೀರಲ್ಲಿ ಕ್ಲೋರಿನ್ ಇದೆಯಾ ಅಂತ ನೋಡೋ ಕೆಲವು ಸ್ಟ್ರಿಪ್‌ಗಳಲ್ಲಿ ಇರೋದೇ ಟಿಎಂಬಿ. ಬ್ಲೀಚಲ್ಲಿ ತೊಳೆದ ಟ್ರೇ ಸರಿಯಾಗಿ ಜಾಲಿಸದೆ ಅದರಲ್ಲೇ ಸಬ್‌ಸ್ಟ್ರೇಟ್ ಸುರಿದ್ರೆ ಪೂರ್ತಿ ಪ್ಲೇಟ್ ನೀಲಿ. ಹಂಗೇ ಬಾಟಲಲ್ಲೇ ತಿಳಿ ನೀಲಿ ತಿರುಗಿರೋ ಟಿಎಂಬಿನ "ಇರ್ಲಿ ಸ್ವಲ್ಪ ತಾನೇ" ಅಂತ ಬಳಸಬೇಡಿ.

ಬ್ಲ್ಯಾಂಕ್ ತಿಳಿಯಾಗಿದ್ದು ನೆಗೆಟಿವ್ ಕಂಟ್ರೋಲ್ ಮಾತ್ರ ಏರಿದ್ರೆ ನೂರಕ್ಕೆ ತೊಂಬತ್ತು ಪಾಲು ತೊಳೆಯೋದ್ರಲ್ಲೇ ತಪ್ಪು. ಇದು ನನ್ನ ಅಂದಾಜು ಅಷ್ಟೇ, ಯಾವ ಸ್ಟಡಿನೂ ಅಲ್ಲ. ಒಂದೊಂದು ವೆಲ್ಲಿಗೆ 300ರಿಂದ 350 ಮೈಕ್ರೋಲೀಟರ್ ಬೀಳ್ಬೇಕು, ಬಾಯಿವರೆಗೂ ತುಂಬ್ಬೇಕು, ಅರ್ಧ ನಿಮಿಷ ನೆನೀಬೇಕು, ಆಮೇಲೆ ಚೆಲ್ಲಿ ಟಿಶ್ಯೂ ಮೇಲೆ ತಟ್ಬೇಕು. ಮಕ್ಳು ಮಾಡೋದು ಏನು ಅಂದ್ರೆ ವಾಷ್ ಬಾಟಲಿಂದ ಸರ್ರಂತ ಒಂದು ಸುತ್ತು ಹೊಡೆದು ಮೂರ್ ಸಲ ಆಯ್ತು ಅಂತಾರೆ. ವೆಲ್ಲಿನ ಮೇಲಿನ ಅಂಚಲ್ಲಿ ಕಾಂಜುಗೇಟ್ ಅಂಟಿರುತ್ತೆ, ನೀರು ಅಲ್ಲಿಗೆ ಮುಟ್ಟೇ ಇರಲ್ಲ.

ವಾಷ್ ಬಫರಿನ ಇನ್ನೊಂದು ವಿಷ್ಯ, ಚಳಿಗಾಲದಲ್ಲಿ ಇದನ್ನ ಯಾರೂ ಗಮನಿಸಲ್ಲ. ಕಾನ್ಸಂಟ್ರೇಟ್ ಬಾಟಲ್ ಫ್ರಿಜ್ಜಿಂದ ತೆಗೆದಾಗ ತಳದಲ್ಲಿ ಉಪ್ಪಿನ ಹರಳು ಕೂತಿರುತ್ತೆ. ಅದನ್ನ 37 ಡಿಗ್ರೀಲಿ ಇಟ್ಟು ಪೂರ್ತಿ ಕರಗಿಸಿ ಆಮೇಲೆ ಡೈಲ್ಯೂಟ್ ಮಾಡ್ಬೇಕು. ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಂಡ್ರೆ ಉಪ್ಪು ಕಮ್ಮಿ ಇರೋ ಬಫರ್, ಬಾಟಲಲ್ಲಿ ಉಳಿದಿದ್ದನ್ನ ನಾಳೆ ಬಳಸಿದ್ರೆ ಉಪ್ಪು ಜಾಸ್ತಿ ಇರೋ ಬಫರ್, ಅಂದ್ರೆ ಒಂದೇ ಕಿಟ್ಟಲ್ಲಿ ಎರಡು ದಿನ ಎರಡು ಥರ ರಿಸಲ್ಟ್. ಡೈಲ್ಯೂಟ್ ಮಾಡೋಕೆ ಡಿಸ್ಟಿಲ್ಡ್ ವಾಟರ್ರೇ ಬೇಕು, ಬೋರ್ ನೀರು ಬೇಡ. ನಮ್ ಕಡೆ ಬೋರ್ ನೀರಿಟ್ಟ ಬಕೆಟ್ ಒಳಗೆ ಬಿಳಿ ಪೊರೆ ಕಟ್ಟೋದು ನೋಡಿದವ್ರಿಗೆ ಯಾಕೆ ಅಂತ ಹೇಳ್ಬೇಕಾಗಿಲ್ಲ, ವಾಷರ್ ಸೂಜಿ ಒಳಗೂ ಅದೇ ಪೊರೆ ಕಟ್ಟುತ್ತೆ.

ಒಂದು ಕಡೆ ಒಂಥರ, ಇನ್ನೊಂದು ಕಡೆ ಇನ್ನೊಂಥರ

ಪ್ಲೇಟಿನ ಮೇಲೆ ಕಾಣೋ ಡಿಸೈನೇ ಸುಳಿವು. 96 ವೆಲ್ಲಿನ ಪ್ಲೇಟ್, ಎಂಟು ಅಡ್ಡಸಾಲು, ಹನ್ನೆರಡು ಕಾಲಮ್. ಎಂಟು ಚಾನೆಲ್ ಪೈಪೆಟ್ಟಲ್ಲಿ ಕಾಲಮ್ ಕಾಲಮ್ ಹಾಕ್ತಾ ಹೋದಾಗ ಒಂದು ಅಡ್ಡಸಾಲು ಪೂರ್ತಿ ಮಂಕಾಗಿದ್ರೆ ಆ ಚಾನೆಲ್ಲಿನ ಟಿಪ್ ಸಡಿಲ. ಅದೇ ಅಡ್ಡಸಾಲು ಕಡು ಬಣ್ಣ ಆಗಿದ್ರೆ ವಾಷರಿನ ಆ ಸೂಜಿ ಕಟ್ಟಿದೆ. ಒಂದನೇ ಕಾಲಮ್ಮಿಂದ ಹನ್ನೆರಡರವರೆಗೆ ಮೆಲ್ಲಗೆ ಬಣ್ಣ ಇಳೀತಾ ಹೋದ್ರೆ ಟೈಮಿಂಗ್ ಸಮಸ್ಯೆ, ಟಿಎಂಬಿ ನಿಧಾನಕ್ಕೆ ಹಾಕಿ ಸ್ಟಾಪ್ ಸೊಲ್ಯೂಷನ್ ಒಂದೇ ಸಲಕ್ಕೆ ಸುರಿದಿದಾರೆ. ಹಾಕಿದ ಕ್ರಮದಲ್ಲೇ, ಅದೇ ವೇಗದಲ್ಲೇ ನಿಲ್ಲಿಸ್ಬೇಕು.

ಸುತ್ತಲೂ ಅಂಚಿನ ವೆಲ್‌ಗಳು ಮಾತ್ರ ಬೇರೆ ಓದಿದ್ರೆ ಅದು ಟೆಂಪರೇಚರ್, ಇಲ್ಲ ಆವಿಯಾಗಿರೋದು. ಹಾಸನದಲ್ಲಿ ಡಿಸೆಂಬರ್ ಜನವರಿ ಬೆಳಿಗ್ಗೆ ಲ್ಯಾಬ್ ಬಾಗಿಲು ತೆಗೆದಾಗ ಒಳಗೆ 20 ಡಿಗ್ರಿಗಿಂತ ಕಮ್ಮಿ ಇರೋದು ಮಾಮೂಲಿ, ಚಿಕ್ಕಮಗಳೂರಲ್ಲಿ ಕೇಳೋದೇ ಬೇಡ. ಕಿಟ್ಟಿನ ಇನ್ಸರ್ಟಲ್ಲಿ "ರೂಮ್ ಟೆಂಪರೇಚರ್" ಅಂತ ಬರೆದವರ ತಲೇಲಿ ನಮ್ಮ ರೂಮ್ ಇರ್ಲಿಲ್ಲ. ಫ್ರಿಜ್ಜಿಂದ ತೆಗೆದ ಪ್ಲೇಟ್ ಒಂದರ ಮೇಲೊಂದು ಪೇರಿಸಿ ಇನ್ಕ್ಯುಬೇಟರಿಗೆ ತಳ್ಳಿದ್ರೆ ಅಂಚು ಬೇಗ ಬಿಸಿ ಆಗುತ್ತೆ, ನಡುವಿಂದು ತಣ್ಣಗೇ ಇರುತ್ತೆ. ರಿಯೇಜೆಂಟೆಲ್ಲ ಮೊದ್ಲೇ ಹೊರಗಿಟ್ಟು, ಗೋಡೆ ಥರ್ಮಾಮೀಟರ್ ನೋಡಿ, ಪ್ಲೇಟ್ ಪೇರಿಸದೆ, ಮೇಲೆ ಸೀಲರ್ ಅಂಟಿಸಿ ಇಡಿ.

ಇವನ್ನೆಲ್ಲ ಬೋರ್ಡ್ ಮೇಲೆ ಬರೆದು ಹೇಳಿದ್ರೆ ಮಕ್ಳು ಬರ್ಕೋತಾರೆ, ಪರೀಕ್ಷೆಗೆ ಬರೀತಾರೆ, ಮರೀತಾರೆ. ಅದಕ್ಕೆ ನಾನು ಮುರಿದು ತೆಗೆಯೋ ಎಂಟು ವೆಲ್ಲಿನ ಸ್ಟ್ರಿಪ್‌ಗಳನ್ನ ಬೇಕಂತ್ಲೇ ಕೆಡಿಸಿ ಕೊಡ್ತೀನಿ. ಪ್ರತಿ ಸ್ಟ್ರಿಪ್ಪಲ್ಲೂ ಬ್ಲ್ಯಾಂಕ್, ನೆಗೆಟಿವ್, ಕಟ್ ಆಫ್, ಪಾಸಿಟಿವ್, ಉಳಿದಿದ್ದು ಹೆಸರು ತೆಗೆದ ಹಳೇ ಸೀರಮ್. ಒಂದಕ್ಕೆ ಎರಡನೇ ವಾಷ್ ಇಲ್ಲ, ಒಂದಕ್ಕೆ ಅಝೈಡ್ ಸೇರಿಸಿದ ಕಾಂಜುಗೇಟ್, ಒಂದರಲ್ಲಿ ಟಿಎಂಬಿಗೆ ಕೊಳೆ ಟಿಪ್, ಒಂದು ಮಾತ್ರ ಸರಿಯಾಗಿರುತ್ತೆ. ಮಾರ್ಕ್ಸ್ ಇರೋದು ಪೇಷೆಂಟ್ ರಿಸಲ್ಟಿಗಲ್ಲ, ಯಾವ ಸ್ಟ್ರಿಪ್ ರಿಪೋರ್ಟ್ ಮಾಡ್ಬಾರ್ದು, ಯಾಕೆ ಅನ್ನೋದಕ್ಕೆ. ಖರ್ಚು ಜಾಸ್ತಿ ಅಂತ ಗೊಣಗ್ತಾರೆ, ಎಕ್ಸ್‌ಪೈರಿ ಆದ ಕಿಟ್ ಇದಕ್ಕೆ ಧಾರಾಳ ಸಾಕು. ಅದು ಎಕ್ಸ್‌ಪೈರಿ ಆದ್ಮೇಲೂ ಚೆನ್ನಾಗೇ ಓಡೋದು ನೋಡಿ "ಕಿಟ್ಟೇ ಸರಿಯಿಲ್ಲ" ಅನ್ನೋ ಮಾತೂ ಸ್ವಲ್ಪ ಕಮ್ಮಿ ಆಗುತ್ತೆ (ಪಾಠಕ್ಕೆ ಮಾತ್ರ, ಪೇಷೆಂಟಿಗೆ ಖಂಡಿತ ಬೇಡ).

ಕಂಟ್ರೋಲ್ ಎಲ್ಲ ಸರಿ, ಆದ್ರೂ ರಿಸಲ್ಟ್ ನಂಬೋಹಂಗಿಲ್ಲ

ಕೈ ಗಂಟೆಲ್ಲ ಊದಿಕೊಂಡು ಬೆಳಿಗ್ಗೆ ಮುಷ್ಟಿ ಮಡಚೋಕಾಗ್ದೆ ಬಂದ ಪೇಷೆಂಟು, ಆರ್‌ಎಫ್ (ರುಮಟಾಯ್ಡ್ ಫ್ಯಾಕ್ಟರ್ ಅನ್ನೋ ಆಂಟಿಬಾಡಿ) ಲ್ಯಾಟೆಕ್ಸ್ ನೆಗೆಟಿವ್, ಅಂದ್ರೆ ಸ್ಲೈಡ್ ಮೇಲೆ ಲ್ಯಾಟೆಕ್ಸ್ ಕಣ ಗಂಟು ಕಟ್ಟಿಲ್ಲ. ಡಾಕ್ಟ್ರು ಫೋನ್ ಮಾಡಿ ಕೇಳ್ತಾರೆ. ಇಲ್ಲಿ ಮೊದ್ಲು ಮಾಡ್ಬೇಕಾದ್ದು ಸೀರಮ್ ಸಲೈನಲ್ಲಿ ಹತ್ತಕ್ಕೊಂದು ಡೈಲ್ಯೂಟ್ ಮಾಡಿ ಮತ್ತೆ ಹಾಕೋದು. ಗಟ್ಟಿ ಸೀರಮಲ್ಲಿ ನೆಗೆಟಿವ್, ಡೈಲ್ಯೂಟ್ ಮಾಡಿದ್ಮೇಲೆ ಕಾಳು ಕಾಳಾಗಿ ಒಡೀತು ಅಂದ್ರೆ ಪ್ರೋಝೋನ್. ಹಾಸನದ ಬಸ್ ಸ್ಟ್ಯಾಂಡಲ್ಲಿ ಇಳಿದ ಒಬ್ಬೊಬ್ಬ ಪ್ಯಾಸೆಂಜರಿಗೂ ನಾಲ್ಕು ಜನ ಆಟೋದವ್ರು ಮುತ್ಕೊಂಡಂಗೆ, ಒಂದೊಂದು ಲ್ಯಾಟೆಕ್ಸ್ ಕಣದ ಸುತ್ತ ಆರ್‌ಎಫ್ ಮುತ್ಕೊಂಡು ಎರಡು ಕಣಗಳನ್ನ ಜೋಡಿಸೋಕೆ ಕಣದ ಮೇಲೆ ಖಾಲಿ ಜಾಗನೇ ಉಳಿಯಲ್ಲ, ಹಾಗಾಗಿ ಗಂಟು ಕಟ್ಟಲ್ಲ. ಸೆಪ್ಸಿಸ್ ಪೇಷೆಂಟಿನ ಸಿಆರ್‌ಪಿ (ಉರಿಯೂತದಲ್ಲಿ ಏರೋ ಪ್ರೋಟೀನ್) ಲ್ಯಾಟೆಕ್ಸಲ್ಲೂ ಇದೇ ಆಗೋದು, ಅಲ್ಲಿ ಜಾಸ್ತಿ ಇರೋದು ಆಂಟಿಜೆನ್, ಅಷ್ಟೇ ವ್ಯತ್ಯಾಸ.

ಉಲ್ಟಾ ತಪ್ಪು: ಎರಡು ನಿಮಿಷಕ್ಕೆ ಓದ್ಬೇಕಾದ ಸ್ಲೈಡನ್ನ ಫೋನಲ್ಲಿ ಮಾತಾಡ್ತಾ ಐದು ನಿಮಿಷಕ್ಕೆ ಓದಿ, ಅಂಚಲ್ಲಿ ಒಣಗಿರೋದನ್ನೇ ಪಾಸಿಟಿವ್ ಅನ್ನೋದು. ಡೈಲ್ಯೂಟ್ ಮಾಡಿದ್ರೂ ನೆಗೆಟಿವ್ವೇ ಬಂದ್ರೆ ಅದು ನಿಜವಾದ ನೆಗೆಟಿವ್ ಇರಬಹುದು, ರುಮಟಾಯ್ಡ್ ಆರ್ಥ್ರೈಟಿಸ್ ಇರೋ ಎಲ್ರಿಗೂ ಆರ್‌ಎಫ್ ಇರಲ್ಲ, ಆಂಟಿ ಸಿಸಿಪಿ (ಅದೇ ರೋಗದ ಇನ್ನೊಂದು ಆಂಟಿಬಾಡಿ ಟೆಸ್ಟು) ಮಾಡಿಸಿ ಅಂತ ಡಾಕ್ಟ್ರಿಗೆ ಹೇಳಿ. ಆರ್‌ಎಫ್ ಪಾಸಿಟಿವ್ ಬಂದ್ರೂ ಅದೇ ರೋಗ ಅಂತಲ್ಲ, ಹೆಪಟೈಟಿಸ್ ಸಿ, ಹೃದಯದ ಕವಾಟದ ಸೋಂಕು, ಸುಮ್ನೆ ವಯಸ್ಸಾಗಿರೋದು, ಇವಕ್ಕೆಲ್ಲ ಬರುತ್ತೆ.

ಎಎನ್‌ಎ ಸ್ಲೈಡ್

ಎಎನ್‌ಎ ಅಂದ್ರೆ ನ್ಯೂಕ್ಲಿಯಸ್ ವಿರುದ್ಧದ ಆಂಟಿಬಾಡಿ. ಲ್ಯಾಬಲ್ಲಿ ಬೆಳೆಸಿದ ಹೆಪ್-2 ಸೆಲ್ ಮೇಲೆ ಮಾಡೋ ಐಎಫ್‌ಎ ಇದು, ಹೊಳೆಯೋ ಬಣ್ಣ ಕಟ್ಟಿ ಮೈಕ್ರೋಸ್ಕೋಪಲ್ಲಿ ನೋಡೋದು. ಕತ್ತಲೆ ಕೋಣೆಗೆ ಹೋಗಿ ಮೊದ್ಲು ಪಾಸಿಟಿವ್ ಕಂಟ್ರೋಲ್ ನೋಡಿ. ಅದೇ ಮಂಕಾಗಿದ್ರೆ ಪೇಷೆಂಟ್ ವೆಲ್ ನೋಡೋ ಹಕ್ಕೇ ಇಲ್ಲ. ಹಳೇ ಮರ್ಕ್ಯುರಿ ದೀಪ ಆದ್ರೆ ಗಂಟೆ ಮೀಟರ್ ನೋಡಿ, ಸಾಮಾನ್ಯವಾಗಿ 200 ಗಂಟೆಗೆ ಅದರ ಆಯುಸ್ಸು ಮುಗೀತು. ಆಮೇಲೆ ಮೌಂಟಿಂಗ್ ಮೀಡಿಯಂ: ಎಫ್‌ಐಟಿಸಿ (ಆ ಹೊಳೆಯೋ ಹಸಿರು ಬಣ್ಣ) ಆಸಿಡ್ ಕಡೆ ಹೋದ್ರೆ ಬೆಳಗಲ್ಲ, ಅದಕ್ಕೇ ಕ್ಷಾರದ ಕಡೆ ಇರೋ ಗ್ಲಿಸರಾಲ್ ಬಳಸೋದು. ಮಕ್ಳೆಲ್ಲ ಒಂದೇ ಜಾಗನ ಸರದಿ ಮೇಲೆ ನೋಡ್ತಾ ನಿಂತ್ರೆ ಕೊನೆಯವನಿಗೆ ಎಲ್ಲ ಕತ್ತಲೆ, ಬೆಳಕಿಗೇ ಬಣ್ಣ ಸುಟ್ಟು ಹೋಗಿರುತ್ತೆ, ಫೀಲ್ಡ್ ಬದಲಾಯಿಸ್ತಾ ಇರಿ. ಮಳೆಗಾಲದಲ್ಲಿ ಫ್ರಿಜ್ಜಿಂದ ತೆಗೆದ ಸ್ಲೈಡ್ ಪೌಚ್ ಆಗಿಂದಾಗ್ಲೇ ಹರಿದ್ರೆ ಸೆಲ್ ಮೇಲೆ ಹನಿ ಕೂರುತ್ತೆ, ಹಂಗೇ ಬಿಟ್ಟು ರೂಮಿನ ಬಿಸಿಗೆ ಬಂದ್ಮೇಲೆ ಹರೀರಿ.

ಪ್ಯಾಟರ್ನ್ ಗಲಿಬಿಲಿ ಆದ್ರೆ ನಿಂತಿರೋ ಸೆಲ್ ಬಿಟ್ಟು ಡಿವೈಡ್ ಆಗ್ತಿರೋ ಸೆಲ್ ಹುಡುಕಿ. ಮೆಟಾಫೇಸ್ ಕ್ರೋಮೋಸೋಮ್ ಪಟ್ಟಿ ಹೊಳೀತಿದ್ರೆ ಹೋಮೋಜೀನಿಯಸ್ ಕಡೆ, ಅದು ಕಪ್ಪಾಗಿದ್ದು ಸುತ್ತಲೂ ಕಾಳು ಕಾಳು ಇದ್ರೆ ಸ್ಪೆಕಲ್ಡ್. ದಟ್ಟವಾದ ಸಣ್ಣ ಕಾಳಿನ ಜೊತೆ ಮೆಟಾಫೇಸೂ ಹೊಳೆದ್ರೆ ಡಿಎಫ್‌ಎಸ್ (ಡೆನ್ಸ್ ಫೈನ್ ಸ್ಪೆಕಲ್ಡ್) ಇರಬಹುದು ಅಂತ ಯೋಚಿಸಿ, ಅದನ್ನ ಲೂಪಸ್ ಅಂತ ಓಡ್ಬೇಡಿ. ನ್ಯೂಕ್ಲಿಯಸ್ ಕಪ್ಪು ಆದ್ರೆ ಸೈಟೋಪ್ಲಾಸಂ ಹಸಿರು ಅಂದ್ರೆ "ನೆಗೆಟಿವ್" ಅಂತ ಬರೆದು ಕೈ ತೊಳ್ಕೊಳ್ಳೋದು ದೊಡ್ಡ ತಪ್ಪು, ಮಯೋಸೈಟಿಸ್ಸಿನ (ಸ್ನಾಯುವಿನ ಉರಿಯೂತ) ಜೋ-1 ಆಂಟಿಬಾಡಿ ಅಲ್ಲೇ ಕಾಣೋದು. ಇನ್ನು ರೋ-60 ಆಂಟಿಜೆನ್ ಸ್ಲೈಡ್ ಫಿಕ್ಸ್ ಮಾಡೋವಾಗ ಹೋಗಿಬಿಡಬಹುದು, ಹಾಗಾಗಿ ಬಾಯಿ ಕಣ್ಣು ಒಣಗೋ ಪೇಷೆಂಟಿನ ಎಎನ್‌ಎ ನೆಗೆಟಿವ್ ಬಂದ್ರೂ ಎಸ್‌ಎಸ್‌ಎ (ಈ ರೋ ವಿರುದ್ಧದ ಆಂಟಿಬಾಡಿ) ಬೇರೆಯಾಗಿ ನೋಡ್ಬೇಕಾಗುತ್ತೆ. ಕ್ರಿಥಿಡಿಯಾ (ಒಂದು ಏಕಕೋಶ ಜೀವಿ) ಸ್ಲೈಡಲ್ಲಿ ಡಿಎಸ್‌ಡಿಎನ್‌ಎ ಓದೋವಾಗ ಕೈನೆಟೋಪ್ಲಾಸ್ಟ್ (ನ್ಯೂಕ್ಲಿಯಸ್ ಹೊರಗಿರೋ ಅದರ ಡಿಎನ್‌ಎ ಮುದ್ದೆ) ಹೊಳೀಬೇಕು, ನ್ಯೂಕ್ಲಿಯಸ್ ಮಾತ್ರ ಹೊಳೆದ್ರೆ ಅದು ಲೆಕ್ಕಕ್ಕಿಲ್ಲ.

ಪಾಸಿಟಿವ್ ತುಂಬಾ ಜಾಸ್ತಿ ಬರ್ತಿದೆ ಅನ್ಸಿದ್ರೆ ಡೈಲ್ಯೂಷನ್ ನೋಡಿ. 1997ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಆರೋಗ್ಯವಂತರಲ್ಲೇ 1:40ರಲ್ಲಿ 31.7 ಪರ್ಸೆಂಟ್, 1:80ರಲ್ಲಿ 13.3, 1:160ರಲ್ಲಿ 5 ಪರ್ಸೆಂಟ್ ಪಾಸಿಟಿವ್ ಬಂದಿದ್ರು. 2019ರ ಲೂಪಸ್ ವರ್ಗೀಕರಣದಲ್ಲಿ ಒಳಗೆ ಬರೋಕೆ ಕನಿಷ್ಠ 1:80 ಬೇಕು ಅಂತ ಇಟ್ಟಿರೋದು, ಆದ್ರೆ ಅದು ಬಾಗಿಲು ಮಾತ್ರ, ರೋಗ ಅಲ್ಲ. ಸುಸ್ತು ಅಂತ ಬಂದವ್ರಿಗೆಲ್ಲ ಎಎನ್‌ಎ ಬರೆದ್ರೆ ದೋಷ ಲ್ಯಾಬಲ್ಲಿಲ್ಲ, ಚೀಟೀಲಿ ಇದೆ. ಇದನ್ನ ಡಾಕ್ಟ್ರಿಗೆ ಹೇಳೋ ಧೈರ್ಯ ಎಲ್ಲ ಟೆಕ್ನೀಷಿಯನ್‌ಗೂ ಇರಲ್ಲ, ಗೊತ್ತು.

ಕೂಂಬ್ಸ್ ಮತ್ತೆ ಚಳಿ

ಡಿಸಿಟಿ (ಡೈರೆಕ್ಟ್ ಕೂಂಬ್ಸ್ ಟೆಸ್ಟ್, ಕೆಂಪು ಕಣದ ಮೇಲೆ ಆಂಟಿಬಾಡಿ ಕೂತಿದೆಯಾ ಅಂತ ನೋಡೋದು) ನೆಗೆಟಿವ್ ಬಂದ ಪ್ರತಿ ಟ್ಯೂಬಿಗೂ ಚೆಕ್ ಸೆಲ್ ಹಾಕಿ. ಐಜಿಜಿ ಹಚ್ಚಿರೋ ಓ ಗ್ರೂಪ್ ಸೆಲ್ ಅದು, ಹಾಕಿದ್ಮೇಲೆ ಗಂಟು ಕಟ್ಟಲೇಬೇಕು. ಕಟ್ಲಿಲ್ಲ ಅಂದ್ರೆ ನಿಮ್ಮ ನೆಗೆಟಿವ್ ನೆಗೆಟಿವ್ವೇ ಅಲ್ಲ, ಸೆಲ್ ಸರಿಯಾಗಿ ತೊಳೆದಿಲ್ಲ, ಉಳಿದ ಪ್ಲಾಸ್ಮಾದ ಐಜಿಜಿ ಎಎಚ್‌ಜಿನ (ಐಜಿಜಿಗೆ ಅಂಟೋ ಕೂಂಬ್ಸ್ ರಿಯೇಜೆಂಟ್) ತಿಂದು ಹಾಕಿದೆ. ಕಂಟ್ರೋಲ್ ಯಾಕೆ ಬೇಕು ಅನ್ನೋದನ್ನ ಮಕ್ಳಿಗೆ ತೋರ್ಸೋಕೆ ಇದಕ್ಕಿಂತ ಒಳ್ಳೇ ಪರೀಕ್ಷೆ ನನಗೆ ಗೊತ್ತಿಲ್ಲ, ಟ್ಯೂಬ್ ತಾನೇ ಬಾಯಿಬಿಟ್ಟು ಹೇಳುತ್ತೆ. ಸ್ಯಾಂಪಲ್ ಇಡಿಟಿಎದಲ್ಲೇ (ರಕ್ತ ಹೆಪ್ಪುಗಟ್ಟದಂಗೆ ತಡೆಯೋದು) ಇರ್ಬೇಕು, ಫ್ರಿಜ್ಜಲ್ಲಿಟ್ಟ ಹೆಪ್ಪುಗಟ್ಟಿದ ರಕ್ತದಲ್ಲಿ ಕಾಂಪ್ಲಿಮೆಂಟ್ (ರಕ್ತದ ರಕ್ಷಣಾ ಪ್ರೋಟೀನ್) ಸೆಲ್ ಮೇಲೆ ಕೂತು ಸುಳ್ಳು ಪಾಸಿಟಿವ್ ಕೊಡುತ್ತೆ.

ಚಳಿಗಾಲದ ಬೆಳಿಗ್ಗೆ ಕೌಂಟರಲ್ಲಿ ಎಂಸಿಎಚ್‌ಸಿ (ಕೆಂಪು ಕಣದೊಳಗಿನ ಹಿಮೋಗ್ಲೋಬಿನ್ ಸಾಂದ್ರತೆ) 37 ದಾಟಿ, ಆರ್‌ಬಿಸಿ ಕೌಂಟ್ ಹಿಮೋಗ್ಲೋಬಿನ್ನಿಗೆ ತಾಳೆ ಆಗದಷ್ಟು ಕಮ್ಮಿ ಬಂದ್ರೆ ಮೆಷಿನ್ ಸರ್ವಿಸಿನವ್ರಿಗೆ ಫೋನ್ ಮಾಡೋ ಮುಂಚೆ ಟ್ಯೂಬನ್ನ 37 ಡಿಗ್ರೀಲಿ ಇಟ್ಟು ತಕ್ಷಣ ಮತ್ತೆ ಓಡ್ಸಿ. ನಂಬರ್ ಸರಿ ಹೋಯ್ತಾ, ಕೋಲ್ಡ್ ಅಗ್ಲುಟಿನಿನ್ (ಚಳೀಲಿ ಕೆಂಪು ಕಣಗಳನ್ನ ಗಂಟು ಕಟ್ಟಿಸೋ ಆಂಟಿಬಾಡಿ). ಅಂಥವರ ಡಿಸಿಟಿಗೆ ಸೆಲ್ ತೊಳೆಯೋ ಸಲೈನೂ ಬೆಚ್ಚಗಿರ್ಲಿ.

ಹೊರಗೆ ಕಳಿಸೋ ಸ್ಯಾಂಪಲ್

ಇಮ್ಯೂನ್ ಡೆಫಿಷಿಯೆನ್ಸಿಯ ಎಷ್ಟೋ ಟೆಸ್ಟ್ ಬೆಂಗಳೂರಿಗೇ ಹೋಗ್ಬೇಕು, ಅಲ್ಲಿಂದ ವಿಚಿತ್ರ ರಿಪೋರ್ಟ್ ಬಂದ್ರೆ ದೋಷ ದಾರೀಲೂ ಇರಬಹುದು. ಸಿಎಚ್50 (ಕಾಂಪ್ಲಿಮೆಂಟ್ ಸರಣಿ ಪೂರ್ತಿ ಕೆಲಸ ಮಾಡುತ್ತಾ ಅಂತ ನೋಡೋದು) ಸೊನ್ನೆ, ಆದ್ರೆ ಸಿ3 ಸಿ4 ನಾರ್ಮಲ್ ಅಂದ್ರೆ ಒಂದೋ ಅಪರೂಪದ ಕಾಂಪ್ಲಿಮೆಂಟ್ ಕೊರತೆ (ಸಿ2, ಇಲ್ಲ ಸಿ5ರಿಂದ ಸಿ8ರೊಳಗೆ ಒಂದು), ಇಲ್ಲ ಸೀರಮ್ ಬಿಸಿಲಲ್ಲಿ ಕೂತಿತ್ತು. ಎರಡನೇದೇ ಹೆಚ್ಚು. ಬೇಗ ಬೇರ್ಪಡಿಸಿ ಫ್ರೀಝ್ ಮಾಡಿ ಡ್ರೈ ಐಸಲ್ಲಿ ಮತ್ತೆ ಕಳಿಸಿ. ನಾಲ್ಕು ತಿಂಗಳ ಮಗುವಿನ ಐಜಿಜಿ ಕಮ್ಮಿ ಅಂತ ಕೆಂಪಕ್ಷರ ಬಂದ್ರೆ ಪಕ್ಕದ ರೆಫರೆನ್ಸ್ ರೇಂಜ್ ದೊಡ್ಡೋರದ್ದಾ ನೋಡಿ, ಆ ವಯಸ್ಸಲ್ಲಿ ತಾಯಿಂದ ಬಂದ ಐಜಿಜಿ ಇಳಿದು ಮಗುದು ಇನ್ನೂ ಏರಿರಲ್ಲ. ಸೀಲಿಯಾಕ್ (ಗೋಧಿ ಒಗ್ಗದ ಕರುಳಿನ ಕಾಯಿಲೆ) ಅನುಮಾನಕ್ಕೆ ಟಿಟಿಜಿ ಐಜಿಎ ನೆಗೆಟಿವ್ ಬಂದ್ರೆ ಒಟ್ಟು ಐಜಿಎ ಎಷ್ಟಿದೆ ಕೇಳಿ, ಐಜಿಎನೇ ಇಲ್ದವ್ರಲ್ಲಿ ಆ ಟೆಸ್ಟಿಗೆ ಅರ್ಥವಿಲ್ಲ.

ಕ್ರಯೋಗ್ಲೋಬ್ಯುಲಿನ್ನಿಗೆ (ಚಳೀಲಿ ಗಟ್ಟಿಯಾಗಿ ಕೂರೋ ಪ್ರೋಟೀನ್) ಇದೆಲ್ಲ ತಿರುಗುಮುರುಗು. ಐಸ್ ಪ್ಯಾಕಲ್ಲಿ ಇಟ್ರೆ ಪ್ರೋಟೀನ್ ಹೆಪ್ಪಿನ ಜೊತೆಗೇ ತಳ ಸೇರಿ ಸೀರಮಲ್ಲಿ ಏನೂ ಉಳಿಯಲ್ಲ. ಸಿರಿಂಜ್ ಬೆಚ್ಚಗೆ ಮಾಡಿ ತೆಗೆದು, ಫ್ಲಾಸ್ಕಲ್ಲಿ 37 ಡಿಗ್ರಿ ನೀರು ಹಾಕಿ ಅದರಲ್ಲಿ ಟ್ಯೂಬ್ ಇಟ್ಟು ಲ್ಯಾಬಿಗೆ ತರ್ಬೇಕು, ಹೆಪ್ಪು ಬೇರೆ ಮಾಡಿದ್ಮೇಲಷ್ಟೇ ಸೀರಮ್ಮಿಗೆ ಫ್ರಿಜ್ಜು.

ಮತ್ತೆ ಮತ್ತೆ ಕೀವು ಗಡ್ಡೆ ಆಗೋ ಮಗುಗೆ ಸಿಜಿಡಿ (ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣಕ್ಕೆ ಸೂಕ್ಷ್ಮಜೀವಿ ಕೊಲ್ಲೋಕಾಗದ ಹುಟ್ಟು ಕಾಯಿಲೆ) ಇದೆಯಾ ಅಂತ ನೋಡೋ ಡಿಎಚ್‌ಆರ್ ಟೆಸ್ಟಿಗೆ (ಸರಿಯಿರೋ ನ್ಯೂಟ್ರೋಫಿಲ್ ಇದರಲ್ಲಿ ಬೆಳಗುತ್ತೆ) ಹೆಪಾರಿನ್ ರಕ್ತ, ಐಸ್ ಬೇಡ, ಒಂದು ದಿನದೊಳಗೆ ಮುಟ್ಬೇಕು. ಜೊತೆಗೆ ಅದೇ ಹೊತ್ತಲ್ಲಿ ತೆಗೆದ ಆರೋಗ್ಯವಂತರೊಬ್ಬರ ರಕ್ತ ಅದೇ ಡಬ್ಬೀಲಿ ಹೋಗ್ಬೇಕು, ಇದನ್ನೇ ಎಲ್ರೂ ಬಿಡೋದು. ಎರಡೂ ಸ್ಯಾಂಪಲ್ ಬೆಳಗ್ಲಿಲ್ಲ ಅಂದ್ರೆ ನ್ಯೂಟ್ರೋಫಿಲ್ ದಾರೀಲೇ ಸತ್ತಿವೆ, ಮತ್ತೆ ತೆಗೀರಿ. ಜೊತೆಗೆ ಹೋಗಿದ್ದು ಬೆಳಗಿ ಮಗುದು ಮಾತ್ರ ಬೆಳಗ್ಲಿಲ್ಲ ಅಂದ್ರೆ ಆಗ ಸಿಜಿಡಿ ಮಾತಾಡಿ, ಅದಕ್ಕೂ ಮುಂಚೆ ಮೈಲೋಪೆರಾಕ್ಸಿಡೇಸ್ (ನ್ಯೂಟ್ರೋಫಿಲ್ಲಿನ ಒಂದು ಎನ್ಝೈಮ್) ಕೊರತೆ ಅಲ್ಲ ಅಂತ ಖಾತ್ರಿ ಮಾಡ್ಕೊಂಡು. ಜೊತೆ ಸ್ಯಾಂಪಲ್ ಇಲ್ದೆ ಬಂದಿದ್ದನ್ನ ನಾನಂತೂ ಕಟ್ಟಿ ಕಳಿಸಲ್ಲ, ಅಪ್ಪನೋ ಚಿಕ್ಕಪ್ಪನೋ ಜೊತೇಲಿ ಬಂದೇ ಇರ್ತಾರೆ, ಅವರ ತೋಳು ಚಾಚಿಸಿದ್ರಾಯ್ತು. ಅಮ್ಮನದ್ದು ಮಾತ್ರ ಕಂಟ್ರೋಲಾಗಿ ಬೇಡ, ಎಕ್ಸ್ ಕ್ರೋಮೋಸೋಮಿನ ಥರದ್ದಾದ್ರೆ ಅವರೇ ಕ್ಯಾರಿಯರ್ ಇರಬಹುದು, ಅವರ ರಕ್ತ ಬೇರೆ ಟ್ಯೂಬಲ್ಲಿ, ಬೇರೆ ಲೇಬಲ್ ಹಾಕಿ ಕಳಿಸಿ.